ಸುಣ್ಣದ ಗೆರೆ

ಲಾರಿಯ ಮುಖ ನೋಡಿ ನೀವು ಹೆದರುತ್ತೀರಿ.
ನನಗೆ ಪರಿಚಯ ಇರುವುದು ಅದರ ಹೊಟ್ಟೆ.

ಹನ್ನೊಂದನೇ ಹೆದ್ದಾರಿ, ಹರ್ಸ್ಟ್ ಊರಿನ ಆಚೆ
ತೂಕದ ಕಟ್ಟೆ. ಸೊನ್ನೆಗಿಂತ ಮೂವತ್ತೊಂದು ಕೆಳಗೆ.
ಹಿಮದ ಮೇಲೆ ಹಳೇ ಫ್ರಿಜ್ಜಿನ ರಟ್ಟು ಹಾಸಿ
ಅಂಗಾತ ಮಲಗಿ ಒಳಕ್ಕೆ ಜಾರುತ್ತೇನೆ.
ಮೇಲೆ ನಲವತ್ತು ಟನ್ ಸ್ಪ್ರೂಸ್ ಹಲಗೆ,
ಬಿಳಲು ಬಿಟ್ಟ ಉಪ್ಪು ಮಂಜು,
ಮೂಗಿಗೆ ಒಂದು ಗೇಣು ದೂರದಲ್ಲಿ ಅಚ್ಚು.

ಬ್ರೇಕಿನ ಸರಳಿನ ಮೇಲೆ ಸುಣ್ಣದ ಕಡ್ಡಿಯಿಂದ
ಒಂದು ಗೆರೆ ಎಳೆಯುತ್ತೇನೆ.
"ಒತ್ತು!" ಅಂತ ಕೂಗುತ್ತೇನೆ.
ಎಲ್ಲೋ ಮೇಲೆ ಯಾರದೋ ಬೂಟು ಒತ್ತುತ್ತದೆ.
ಗಾಳಿ ಬುಸ್ಸೆನ್ನುತ್ತದೆ. ಗೆರೆ ಹೊರಗೆ ಬರುತ್ತದೆ.
ಎಷ್ಟು ಬಂತು ಅನ್ನುವುದಷ್ಟೇ ನನ್ನ ಸಂಬಳ.
ಎರಡು ಇಂಚಿನೊಳಗೆ, ಹೋಗು.
ಕೂದಲೆಳೆ ದಾಟಿತೋ, ನಿಲ್ಲು.

ಸುಣ್ಣದ ಸೈಮಿ ಅನ್ನುತ್ತಾರೆ ನನ್ನನ್ನು, ರೇಡಿಯೋದಲ್ಲಿ,
ಹತ್ತು ಮೈಲಿ ಮೊದಲೇ ಒಬ್ಬರಿಗೊಬ್ಬರು ಎಚ್ಚರಿಸುತ್ತ.

ಒವಿಲಾ ಪ್ಲಾಂಟ್, ಅರವತ್ತೊಂದು ವರ್ಷ,
ಎರಡೂಕಾಲು ಇಂಚು, ಹಿಂದಿನ ಎಡಗಡೆ ಎರಡೂ.
ಕ್ವಿಬೆಕ್‌ನವರ ಬೈಗುಳವೆಂದರೆ ಬರೀ ಚರ್ಚಿನ ಪಾತ್ರೆಪಡಗ;
ಅವನು ಇಡೀ ಪೂಜೆಪೆಟ್ಟಿಗೆ ನನ್ನ ತಲೆಮೇಲೆ ಕವುಚಿದ.
"ನಿಂತ ಚಕ್ರಕ್ಕೆ ಕಾಸು ಕೊಡೋದಿಲ್ಲ ಯಾರೂ,
ನಿನ್ನ ಸಂಬಳ ಮಾತ್ರ ನಿಂತಲ್ಲೇ ಹುಟ್ಟುತ್ತೆ."
ನಿಜವೇ.
ಮೆಕ್ಯಾನಿಕ್ ಕಾಪಸ್ಕೇಸಿಂಗ್‌ನಿಂದ ಬರಲು ನಾಲ್ಕು ತಾಸು.
ನಾನು ಕೊಟ್ಟ ಕಾಫಿಯನ್ನು
ನನ್ನನ್ನೇ ನೋಡುತ್ತ ಹಿಮದ ಮೇಲೆ ಸುರಿದ.
ಕಂದು ತೂತು ಒಂದು ಸಂಜೆಯವರೆಗೂ ಉಳಿದಿತ್ತು.

ಅವನ ಬಗ್ಗೆ ನನಗೆ ಚಿಂತೆಯಿಲ್ಲ.

ಚಿಂತೆ ಯೋನಾಸ್ ಹಾಬ್ತೆಯದು.
ಅಸ್ಮಾರಾದ ಹುಡುಗ, ಲೈಸೆನ್ಸಿಗೆ ಆರು ವಾರ.
ಟೈರು ಹೊಸದು, ದೀಪ ಎಲ್ಲ ಉರಿಯುತ್ತಿದ್ದವು,
ಕಾಗದ ಇಸ್ತ್ರಿ ಹಾಕಿದಂತೆ.
"ಒತ್ತು!" ಅಂದೆ.
ಒಂದೂ ಮುಕ್ಕಾಲಿಗೆ ಬಂದು ನಿಂತಿತು ಗೆರೆ.
ನಿಂತು
ನಡುಗಿತು.
ಬ್ರೇಕಿನದಲ್ಲ ಆ ನಡುಕ,
ಮೇಲಿಂದ, ಕಾಲಿನಿಂದ, ಕೊಳವೆಯ ಗಾಳಿಯಲ್ಲಿ ಇಳಿದು ಬಂದದ್ದು.

ನನ್ನ ಫಾರಂನಲ್ಲಿ ಮೂವತ್ತೇಳು ಕಲಮು.
ನಡುಕಕ್ಕೆ ಒಂದೂ ಇಲ್ಲ.

"ಹಿಮದಲ್ಲಿ ಓಡಿಸಿದ್ದೀಯಾ?" ಕೇಳಿದೆ.
"ನಿನ್ನೆಯಿಂದ," ಅಂದ. ನಕ್ಕ. ಒಳ್ಳೆಯ ಹಲ್ಲು.
ಮುದ್ರೆ ಒತ್ತಿ ಕಳಿಸಿದೆ ಪಶ್ಚಿಮಕ್ಕೆ,
ಇನ್ನೂರು ಕಿಲೋಮೀಟರು ಕತ್ತಲು, ಕಡವೆ,
ಎದುರುಬದುರು ಎರಡೇ ಸಾಲಿನ ರಸ್ತೆಗೆ.

ಆಮೇಲೆ ಲಾಂಗ್‌ಲ್ಯಾಕ್ ಬಳಿ ಏನಾದರೂ ಮಗುಚಿದ ಸುದ್ದಿ ಬಂದರೆ
ಟ್ರೇಲರಿನ ನಂಬರು ಹುಡುಕುತ್ತೇನೆ.
ಅವನಲ್ಲ.
ಉಸಿರು ಬಿಡುತ್ತೇನೆ, ಬಿಟ್ಟ ಉಸಿರಿಗೇ ನಾಚುತ್ತೇನೆ.
ಅವನಲ್ಲದಿದ್ದರೆ ಇನ್ಯಾರೋ.
ಎದುರಿನ ಕಾರಲ್ಲಿ ಇನ್ಯಾರೋ.

ಪಾಳಿ ಮುಗಿದು ಮನೆಗೆ ನನ್ನ ಕೆಂಪು ಪುಟ್ಟ ಕಾರು.
ಕನ್ನಡಿಯ ತುಂಬ ದೀಪ.
ಬೆನ್ನಿಗೆ ಅಂಟಿಕೊಂಡ ಒಂದು ಮುಖ, ಹೆಸರಿಲ್ಲ.
ಅದರ ಹೊಟ್ಟೆ ನೋಡದೆ ನಾನು ಹೇಗೆ ನಂಬಲಿ?
ಜೋಡಿ ಹಳದಿ ಗೆರೆಯ ಮೇಲೇ ಹಾರಿ ಮುಂದಕ್ಕೆ ನುಗ್ಗಿತು,
ಹಿಂದೆ ಎದ್ದದ್ದು ಬಿಳಿ ಗೋಡೆ.
ಬಾನೆಟ್ಟಿಲ್ಲ, ರಸ್ತೆಯಿಲ್ಲ, ಎಡವಿಲ್ಲ, ಬಲವಿಲ್ಲ.
ಅಜ್ಜಿ ಕಲಿಸಿದ ಎಣಿಕೆ ತಾನೇ ಬಾಯಿಗೆ ಬಂತು:
ಯಕ್ಸಿ, ಕಾಕ್ಸಿ, ಕೋಲ್ಮೆ...
ಕಾಲು ಬ್ರೇಕಿನ ಮೇಲಿತ್ತೋ, ಇನ್ನೆಲ್ಲಿತ್ತೋ.
ಒತ್ತಬಾರದು ಅಂತ ಗೊತ್ತು.
ಒತ್ತದೇ ಇರಲೂಬಾರದು.

ಏಳಕ್ಕೆ ಗೋಡೆ ಹರಿಯಿತು.
ದೂರದಲ್ಲಿ ಎರಡು ಕೆಂಪು ದೀಪ.
ತೋರುಬೆರಳು, ಹೆಬ್ಬೆರಳು ಅಗಲಿಸಿ
ಗಾಜಿನ ಮೇಲಿಟ್ಟು ಅಳೆದೆ, ಅಭ್ಯಾಸಬಲ.

ಎರಡು ಇಂಚಿನೊಳಗೇ ಇತ್ತು
ಸದ್ಯಕ್ಕೆ,
ಇಷ್ಟು ದೂರದಿಂದ.